ಅತ್ತೆಯನ್ನು ಡೈರೆಕ್ಟರ್ ಮಾಡಿದ ಕಥೆ, ಕೆಳಗಿಳಿಸಲು ಆಗದ ಕಥೆ

ಹೋದ ವಾರ ಬೆಂಗಳೂರಿನಿಂದ ಹಳೇ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು. ಕೆಲಸ ಬಿಡ್ತಿದೀನಿ ಅಕ್ಕ, ಅದೇ ಆಫೀಸಿನವರು ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಕೊಡ್ತೀನಿ ಅಂದಿದ್ದಾರೆ, ವೆಂಡರ್ ಫಾರ್ಮ್ ಕಳಿಸಿದ್ದಾರೆ, ಅದರಲ್ಲಿ 'ಎಂಟಿಟಿ ಟೈಪ್' ಅಂತ ಒಂದು ಕಾಲಂ ಇದೆ, ಒಬ್ಬಳೇನಾ, ಪಾಲುದಾರಿಕೆನಾ, ಕಂಪನಿನಾ ಅಂತ ಕೇಳ್ತಾರೆ, ಏನು ಬರೀಲಿ?

ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಅವಳಿಗೆ ಅರ್ಥ ಆಗಲಿಲ್ಲ. 2022ರಲ್ಲಿ ನಾನೂ ಇದೇ ಕಾಲಂ ಮುಂದೆ ಕೂತಿದ್ದೆ, ದಾವಣಗೆರೆ ವಿದ್ಯಾನಗರದ ಮನೆಯ ಮಹಡಿ ರೂಮಿನಲ್ಲಿ, ಒಂದು ಕೈಯಲ್ಲಿ ಕಾಫಿ ಹಿಡಕೊಂಡು. ಅವತ್ತು ಹಾಕಿದ ಟಿಕ್ಕಿನ ಬಿಲ್ಲನ್ನು ಇವತ್ತಿಗೂ ಕಟ್ಟುತ್ತಿದ್ದೇನೆ. ಫೋನಿನಲ್ಲಿ ಅವಳಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇನ್ನೊಬ್ಬರಿಗೂ ಬೇಕಾಗಬಹುದು ಅಂತ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಸಿವಿಲ್ ಎಂಜಿನಿಯರ್, ಇಲ್ಲೇ ಯುಬಿಡಿಟಿ ಕಾಲೇಜಿನಲ್ಲಿ ಓದಿದ್ದು. ಮಾಡೋದು ಸ್ಟ್ರಕ್ಚರಲ್ ಡೀಟೇಲಿಂಗ್. ಅಂದರೆ ಕಾಂಕ್ರೀಟಿನ ಹೊಟ್ಟೆಯೊಳಗೆ ಯಾವ ಕಂಬಿ ಎಲ್ಲಿ ಬರಬೇಕು, ಎಷ್ಟು ಎಂಎಂ, ಎಲ್ಲಿ ಬಗ್ಗಿಸಬೇಕು, ಎಷ್ಟು ಉದ್ದ ಲ್ಯಾಪ್ ಬಿಡಬೇಕು ಅನ್ನೋ ಡ್ರಾಯಿಂಗು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿದ್ದೆ. ಕೊರೊನಾ ಬಂದಾಗ ಊರಿಗೆ ಬಂದವಳು, ಎರಡು ವರ್ಷ ಇಲ್ಲಿಂದಲೇ ಕೆಲಸ ಮಾಡಿದವಳು, ಆಫೀಸಿಗೆ ವಾಪಸ್ ಬನ್ನಿ ಅಂದಾಗ ಮನಸ್ಸಾಗಲಿಲ್ಲ. ಗಂಡ ಇಲ್ಲಿ ಸರ್ಕಾರಿ ಕಾಲೇಜಿನಲ್ಲಿ ಮೇಷ್ಟ್ರು, ಮಗ ಇಲ್ಲೇ ಸ್ಕೂಲಿಗೆ ಸೇರಿದ್ದ. ನಮ್ಮ ಮ್ಯಾನೇಜರ್ ಒಳ್ಳೆಯವರೇ. 'ನಿಮ್ದೇ ಒಂದು ಕಂಪನಿ ಮಾಡ್ಕೊಳ್ಳಿ, ಪಿಒ ಹಾಕ್ಬಿಡ್ತೀವಿ' ಅಂದರು. ಪಿಒ ಅಂದರೆ ಪರ್ಚೇಸ್ ಆರ್ಡರ್.

ಕಂಪನಿ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಈಗ ಯೋಚಿಸಿದರೆ ಅವರು ಹಾಗೆ ಅಂದದ್ದು ಮಾತಿನ ವರಸೆ ಅಷ್ಟೆ. ನಮ್ಮ ಊರಿನಲ್ಲಿ ಮಂಡಿಪೇಟೆ, ಚೌಕಿಪೇಟೆ ಕಡೆ ಹೋದರೆ ಅರ್ಧ ಬೋರ್ಡುಗಳಲ್ಲಿ 'ಅಂಡ್ ಕೋ', 'ಅಂಡ್ ಕಂಪನಿ' ಅಂತ ಇರುತ್ತೆ. ಅದರಲ್ಲಿ ಒಂದೂ ಕಂಪನಿ ಅಲ್ಲ, ಎಲ್ಲಾ ಅಪ್ಪ ಮಕ್ಕಳ ಇಲ್ಲವೇ ಅಣ್ಣ ತಮ್ಮಂದಿರ ಪಾಲುದಾರಿಕೆ. ಮ್ಯಾನೇಜರ್ ಹೇಳಿದ್ದೂ ಅಂಥದೇ ಕಂಪನಿ. ನಾನು ಮಾತ್ರ ಅದನ್ನು ಕಂಪನಿ ಕಾಯ್ದೆ 2013ರ ಕಂಪನಿ ಅಂತ ತಿಳಕೊಂಡೆ. ಫಾರ್ಮಿನಲ್ಲಿ 'ಇಂಡಿವಿಜುವಲ್ / ಪ್ರೊಪ್ರೈಟರ್' ಅಂತ ಮೊದಲನೇ ಸಾಲಿನಲ್ಲೇ ಇತ್ತು. ನೋಡಿದೆ, ಆದರೂ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಅದು ದೊಡ್ಡದು.

ನಮ್ಮಪ್ಪ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದ ಬಾಲ ಅದು, ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅಪ್ಪ ಹಳ್ಳಿಗಳ ರೈತರ ಹತ್ತಿರ ಉದ್ರಿ ಮೇಲೆ ಹತ್ತಿ ಎತ್ತಿ, ಉದ್ರಿ ಮೇಲೇ ಮುಂದಕ್ಕೆ ಹಾಕುತ್ತಿದ್ದರು. ಅಂಗಡಿ ಅವರ ಒಬ್ಬರ ಹೆಸರಿನಲ್ಲಿ. ಒಂದು ದೊಡ್ಡ ಪಾರ್ಟಿ ಕೈ ಎತ್ತಿತು. ರೈತರು ಬಂದು ಜಗುಲಿ ಮೇಲೆ ಕೂತರು, ಜಗಳ ಆಡಲಿಲ್ಲ, ಸುಮ್ನೆ ಕೂತರು. ಅಪ್ಪ ಪಿ.ಜೆ. ಬಡಾವಣೆಯ ಮನೆ ಮಾರಿ ಎಲ್ಲರಿಗೂ ಕೊಟ್ಟರು. ನಾವು ವಿನೋಬನಗರದ ಎರಡು ರೂಮಿನ ಬಾಡಿಗೆ ಮನೆಗೆ ಬಂದೆವು. ನಾನಾಗ ಎಂಟನೇ ಕ್ಲಾಸು. ಅಮ್ಮ ಹಿತ್ತಾಳೆ ಹಂಡೆಯನ್ನು ಗಾಡಿಗೆ ಹಾಕಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪ್ರೊಪ್ರೈಟರ್‌ಶಿಪ್ ಅಂದರೆ ಅದೇ. ಅಂಗಡಿ ಬೇರೆ ನೀವು ಬೇರೆ ಅಂತ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂಗಡಿಯ ಸಾಲ ನಿಮ್ಮ ಸಾಲ, ನಿಮ್ಮ ಮನೆ ಅಂಗಡಿಯ ಮನೆ. ಹಾಗಾಗಿ ಯಾವುದೋ ವಿಡಿಯೊದಲ್ಲಿ 'ಲಿಮಿಟೆಡ್ ಲಯಬಿಲಿಟಿ, ನಿಮ್ಮ ಮನೆ ಸೇಫ್' ಅಂದ ತಕ್ಷಣ ನಾನು ಮರುಳಾದೆ. ತಾಯತ ಕಟ್ಟಿಸಿಕೊಂಡ ಹಾಗೆ ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಂಡೆ.

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಡೈರೆಕ್ಟರು, ಇಬ್ಬರು ಷೇರುದಾರರು ಬೇಕು. ಗಂಡ ಸರ್ಕಾರಿ ನೌಕರ, ಅವರು ಡೈರೆಕ್ಟರ್ ಆಗೋ ಹಾಗಿಲ್ಲ. ಅಮ್ಮ ಅಪ್ಪ ಇಬ್ಬರೂ ಇಲ್ಲ. ಉಳಿದದ್ದು ನಮ್ಮ ಅತ್ತೆ. 68 ವರ್ಷ, ಹರಿಹರದ ಕಡೆಯವರು, ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯೋರು. 'ನಾನು ಏನು ಮಾಡಬೇಕವ್ವಾ?' ಅಂದರು. ಏನೂ ಇಲ್ಲ ಅತ್ತೆ, ಹೆಸರು ಹೇಳಿ ಕಣ್ಣು ಮಿಟುಕಿಸಿದರೆ ಸಾಕು ಅಂದೆ. ಡಿಜಿಟಲ್ ಸಹಿಗೆ ವಿಡಿಯೊ ಮಾಡಬೇಕಲ್ಲ, ಫೋನಿನ ಎದುರು ಕೂರಿಸಿ ಹೆಸರು ಹೇಳಿಸಿದರೆ ಅವರು ಹೆಸರಿನ ಜೊತೆ ಊರು, ಗಂಡನ ಹೆಸರು, ಮನೆತನ ಎಲ್ಲಾ ಹೇಳೋರು. ನಾಲ್ಕನೇ ಸಲಕ್ಕೆ ಪಾಸಾಯಿತು. ಅದಕ್ಕೂ ಮುಂಚೆ ಅವರ ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಪೂರ್ತಿ ಹೆಸರು, ಅದನ್ನು ಸರಿ ಮಾಡಿಸೋಕೆ ಮೂರು ವಾರ ಬೇರೆ.

ಒಬ್ಬರೇ ಮಾಡೋ ಕಂಪನಿ, ಒಪಿಸಿ, ಅದೂ ಇತ್ತು. ಅದಕ್ಕೆ ಒಬ್ಬ ನಾಮಿನಿ ಇದ್ದರೆ ಸಾಕು. 2021ರ ಏಪ್ರಿಲ್‌ನಿಂದ ಅದಕ್ಕಿದ್ದ 2 ಕೋಟಿ ವಹಿವಾಟಿನ ಮಿತಿಯನ್ನೂ ತೆಗೆದಿದ್ದಾರೆ. ಆದರೆ ನಮಗೆ ಕಂಪನಿ ಮಾಡಿಕೊಟ್ಟ ಆನ್‌ಲೈನ್ ಏಜೆನ್ಸಿಯವರು 'ಪ್ರೈವೇಟ್ ಲಿಮಿಟೆಡ್ ಅಂದ್ರೆ ಗತ್ತು ಮೇಡಂ' ಅಂದರು. ಗತ್ತಿಗೆ ನಾನೂ ಬಿದ್ದೆ. ಒಪಿಸಿ ಮಾಡಿದ್ದರೂ ಆಡಿಟ್, ಫೈಲಿಂಗ್ ತಪ್ಪುತ್ತಿರಲಿಲ್ಲ ಬಿಡಿ, ಅತ್ತೆಯ ತಲೆನೋವು ಒಂದು ತಪ್ಪುತ್ತಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಸರ್ಟಿಫಿಕೇಟ್ ಬಂತು. ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್' ನೋಡಿ ಖುಷಿಯಾಗಿ ಎಲ್ಲರೂ ಬೆಣ್ಣೆ ದೋಸೆ ತಿಂದು ಬಂದೆವು. ಡೈರೆಕ್ಟರ್ ಮೇಡಂ ಎರಡು ತಿಂದರು.

ಆಮೇಲೆ ಶುರುವಾಯಿತು ನೋಡಿ.

ಮೊದಲನೇ ಪಾಠ ನಮ್ಮ ಆಡಿಟರ್ ಕೊಟ್ಟರು. ಕಂಪನಿ ಕಾರ್ಡಿನಲ್ಲಿ ಮಗನ ಸ್ಕೂಲ್ ಫೀಸು 38,500 ಕಟ್ಟಿದ್ದೆ, ನನ್ನದೇ ದುಡ್ಡಲ್ವಾ ಅಂತ. 'ಇದು ನಿಮ್ಮ ದುಡ್ಡಲ್ಲ ಮೇಡಂ, ಕಂಪನಿದು. ನೀವು ಕಂಪನಿಯಿಂದ ಸಾಲ ತಗೊಂಡ ಹಾಗಾಯ್ತು, ಡೈರೆಕ್ಟರಿಗೆ ಸಾಲ ಕೊಡೋಕೆ ಬೇರೆ ರೂಲ್ಸ್ ಇದೆ' ಅಂದರು. ರಾತ್ರಿ ಎಲ್ಲಾ ಕೂತು ಕಂಬಿ ಎಳೆದು ದುಡಿದವಳು ನಾನು, ದುಡ್ಡು ಮಾತ್ರ ಕಂಪನಿದು! ಸರಿ, ಸಂಬಳ ತಗೋಬೇಕು. ಸಂಬಳ ಕೊಟ್ಟರೆ ಕಂಪನಿಗೆ ತೆರಿಗೆ ಹಿಡಿಯೋಕೆ ಟ್ಯಾನ್ ಅಂತ ಒಂದು ನಂಬರ್ ಬೇಕು, ಟಿಡಿಎಸ್ ಅಂದರೆ ದುಡ್ಡು ಕೊಡೋವಾಗಲೇ ತೆರಿಗೆ ಮುರಿದು ಹಿಡಿಯಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಲೇಟಾದರೆ ದಿನಕ್ಕೆ 200. ಅಂದರೆ ನಾನು ನನಗೆ ಸಂಬಳ ಕೊಟ್ಟು, ನನ್ನಿಂದ ತೆರಿಗೆ ಹಿಡಿದು, ನಾನೇ ಸರ್ಕಾರಕ್ಕೆ ಕಟ್ಟಿ, ನಾನೇ ವಾಪಸ್ ಕೇಳಬೇಕು. ಸಂಬಳ ಹೋಗಿ ಉಳಿದ ಲಾಭಕ್ಕೆ ಕಂಪನಿ ಶೇ. 25ರ ಮೇಲೆ ಚೂರು ತೆರಿಗೆ ಕಟ್ಟಬೇಕು, ಆ ಲಾಭವನ್ನು ಡಿವಿಡೆಂಡ್ ಅಂತ ತಗೊಂಡರೆ ನನ್ನ ಕೈಯಲ್ಲಿ ಮತ್ತೆ ತೆರಿಗೆ. ವಹಿವಾಟು ಒಂದು ರೂಪಾಯಿ ಇದ್ದರೂ ಆಡಿಟ್ ಕಡ್ಡಾಯ. ಆಡಿಟರು, ಅಕೌಂಟೆಂಟು, ಫಾರ್ಮುಗಳು ಎಲ್ಲಾ ಸೇರಿ ವರ್ಷಕ್ಕೆ 55 ಸಾವಿರದ ಹತ್ತಿರ ಹೋಗುತ್ತಿತ್ತು, 18 ಲಕ್ಷದ ವಹಿವಾಟಿಗೆ.

ಇದನ್ನೆಲ್ಲಾ ತಡಕೊಂಡೆ. ತಾಯತಕ್ಕೆ ಖರ್ಚಿರುತ್ತೆ ಅಂತ.

ಎರಡನೇ ವರ್ಷ ಆ ಆನ್‌ಲೈನ್ ಏಜೆನ್ಸಿಯವರು ಫೋನ್ ಎತ್ತೋದು ಬಿಟ್ಟರು. ವರ್ಷದ ಪ್ಯಾಕೇಜ್ ದುಡ್ಡು ತಗೊಂಡಿದ್ದರು, ಫೈಲಿಂಗ್ ಮಾಡಿರಲಿಲ್ಲ. ನನಗೆ ಗೊತ್ತಾಗಿದ್ದು 2025ರ ಫೆಬ್ರುವರಿಯಲ್ಲಿ, ಬೇರೆ ಏನಕ್ಕೋ ಸಹಿ ಹಾಕೋಕೆ ಹೋದಾಗ. ಡೈರೆಕ್ಟರುಗಳಿಗೆ ಡಿನ್ ಅಂತ ಒಂದು ಗುರುತಿನ ನಂಬರು ಇರುತ್ತೆ, ನನ್ನದು, ಅತ್ತೆಯದು ಎರಡೂ ನಿಷ್ಕ್ರಿಯ. ಸೆಪ್ಟೆಂಬರ್ 30ರೊಳಗೆ ಇಬ್ಬರೂ ಮಾಡಬೇಕಿದ್ದ ಕೆವೈಸಿ ಮಾಡಿಲ್ಲ, ತಲಾ 5,000 ಕಟ್ಟಿ ಅಂತ ಬಂತು. ಅದನ್ನು ಕಟ್ಟಿ ಒಳಗೆ ಹೋಗಿ ನೋಡಿದರೆ ಕಂಪನಿಯ ಲೆಕ್ಕಪತ್ರದ ಫಾರ್ಮ್ ಎಒಸಿ-4 ಹಾಕಿಲ್ಲ, ವಾರ್ಷಿಕ ರಿಟರ್ನ್ ಎಂಜಿಟಿ-7ಎ ಹಾಕಿಲ್ಲ. ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ದಂಡ, ಇದಕ್ಕೆ ಮಿತಿ ಅಂತ ಇಲ್ಲ, ಎಷ್ಟು ದಿನವೋ ಅಷ್ಟು ನೂರು. ಮೊದಲನೆಯದು ಅಕ್ಟೋಬರ್ 30ಕ್ಕೆ ಹಾಕಬೇಕಿತ್ತು, ಎರಡನೆಯದು ನವೆಂಬರ್ 29ಕ್ಕೆ. ಫೆಬ್ರುವರಿ 28ಕ್ಕೆ ಕಟ್ಟಿದಾಗ 121 ದಿನಕ್ಕೆ 12,100, 91 ದಿನಕ್ಕೆ 9,100. ಕೆವೈಸಿ ಸೇರಿ 31,200. ಅದು ಬರೀ ದಂಡ. ಫಾರ್ಮ್ ಹಾಕಿದವರ ಫೀಸು ಬೇರೆ. ತಪ್ಪು ಏಜೆನ್ಸಿದು ಅಂತ ಅಲ್ಲಿ ಹೇಳೋ ಹಾಗಿಲ್ಲ. ಡೈರೆಕ್ಟರ್ ನೀವು ತಾನೇ?

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಒಂದು ಹಾಳೆ ಮೇಲೆ ಬರೆದೆ: ನಾನು ಯಾರಿಗೆ ಸಾಲಗಾರಳಾಗಬಹುದು?

ಈ ಪ್ರಶ್ನೆಯನ್ನು ಎರಡೂವರೆ ವರ್ಷ ಮುಂಚೆ ಕೇಳಿಕೊಳ್ಳಬೇಕಿತ್ತು. ಅಪ್ಪ ರೈತರಿಂದ ಉದ್ರಿ ಎತ್ತುತ್ತಿದ್ದರು, ಅವರಿಗೆ ಸಾಲ ಕೊಟ್ಟವರಿದ್ದರು. ನಾನು ಯಾರಿಂದ ಏನು ಉದ್ರಿ ಎತ್ತುತ್ತೀನಿ? ಒಂದು ಲ್ಯಾಪ್‌ಟಾಪು, ದುಡ್ಡು ಮೊದಲೇ ಕಟ್ಟಿರೋ ಸಾಫ್ಟ್‌ವೇರ್ ಲೈಸೆನ್ಸು, ಮಾಡೆಲಿಂಗ್‌ಗೆ ಸಹಾಯ ಮಾಡೋ ಇಬ್ಬರು ಹುಡುಗರು, ಅವರಿಗೆ ತಿಂಗಳ ಕೊನೆಗೆ ದುಡ್ಡು. ನನಗೆ ಬೇರೆಯವರು ಬಾಕಿ ಇರುತ್ತಾರೆ, ನಾನು ಯಾರಿಗೂ ಇರಲ್ಲ. ಅಪ್ಪನ ಮನೆ ಹೋದ ದಾರಿಯಲ್ಲಿ ನನ್ನ ಮನೆ ಹೋಗೋಕೆ ದಾರಿಯೇ ಇಲ್ಲ.

ಇನ್ನೊಂದು ದಾರಿ ಇದೆ, ಅದು ನಿಜವಾದ ಭಯ. ನನ್ನ ಡ್ರಾಯಿಂಗಿನಲ್ಲಿ ತಪ್ಪಾಗಿ ಎಲ್ಲೋ ಒಂದು ಬೀಮ್ ಬಿರುಕು ಬಿಟ್ಟರೆ? ಇಲ್ಲಿ ಲಿಮಿಟೆಡ್ ಅನ್ನೋ ಪದ ಕಾಪಾಡುತ್ತೆ ಅಂತ ನಾನು ನಂಬಿದ್ದೆ. ಪರಿಚಯದ ವಕೀಲರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: ಕಂಪನಿ ಮಾಡಿದ ಸಾಲಕ್ಕೆ ಷೇರುದಾರರ ಮನೆ ಮುಟ್ಟೋ ಹಾಗಿಲ್ಲ, ಸರಿ. ಆದರೆ ನಿನ್ನ ಕೈಯಾರೆ ಮಾಡಿದ ಬೇಜವಾಬ್ದಾರಿ ಕೆಲಸಕ್ಕೆ ನೀನೇ ಹೊಣೆ, ಕಂಪನಿಯ ಜೊತೆಗೆ ನಿನ್ನ ಮೇಲೂ ಕೇಸು ಹಾಕಬಹುದು. ಇನ್ನು ಸಣ್ಣ ಕಂಪನಿಗೆ ಬ್ಯಾಂಕ್ ಸಾಲ ಕೊಡೋವಾಗ ಡೈರೆಕ್ಟರ್‌ಗಳ ವೈಯಕ್ತಿಕ ಗ್ಯಾರಂಟಿ ಬರೆಸಿಕೊಳ್ಳುತ್ತಾರೆ, ಅಲ್ಲಿಗೆ ಆ ಗೋಡೆಯೂ ಹೋಯಿತು. ಅಂದರೆ ನಾನು ಛತ್ರಿ ಹಿಡಿದದ್ದು ಮಳೆ ಬರದ ಕಡೆ, ನೆನೀತಿದ್ದದ್ದು ಇನ್ನೊಂದು ಕಡೆ.

ಆ ಕಡೆಗೆ ಬೇಕಾದ್ದು ಎರಡು. ಒಂದು, ಒಪ್ಪಂದದಲ್ಲಿ ಒಂದು ಸಾಲು: ನನ್ನ ಹೊಣೆ ಈ ಕೆಲಸಕ್ಕೆ ನಾನು ತಗೊಂಡ ಫೀಸಿಗಿಂತ ಜಾಸ್ತಿ ಇರಲ್ಲ, ಡಿಸೈನ್ ಪರಿಶೀಲಿಸಿ ಸಹಿ ಹಾಕೋದು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ ಅಂತ. ಬೆಂಗಳೂರಿನವರು ಒಂದೇ ಮೇಲ್‌ಗೆ ಒಪ್ಪಿದರು. ಮೂರು ವರ್ಷ ಕೇಳಿರಲಿಲ್ಲ, ಅಷ್ಟೆ. ಎರಡು, ಪ್ರೊಫೆಷನಲ್ ಇಂಡೆಮ್ನಿಟಿ ವಿಮೆ, ಅಂದರೆ ಕೆಲಸದಲ್ಲಿ ಆದ ತಪ್ಪಿಗೆ ಯಾರಾದರೂ ಪರಿಹಾರ ಕೇಳಿದರೆ ಕಟ್ಟಿಕೊಡೋ ವಿಮೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ತಪ್ಪು ಮಾಡಿದಾಗ ಪಾಲಿಸಿ ಇದ್ದರೆ ಸಾಲದು, ಕ್ಲೇಮ್ ಬಂದಾಗಲೂ ಪಾಲಿಸಿ ಚಾಲ್ತಿಯಲ್ಲಿರಬೇಕು, ಹಾಗಾಗಿ ಮಧ್ಯೆ ನಿಲ್ಲಿಸಬೇಡಿ.

2025ರ ಮಾರ್ಚ್ 31ಕ್ಕೆ ಕಂಪನಿಯ ಕೊನೆಯ ಇನ್‌ವಾಯ್ಸ್ ಹಾಕಿದೆ. ಏಪ್ರಿಲ್ 1ರಿಂದ ನನ್ನ ಪ್ಯಾನ್ ಮೇಲೆ, ಅದೇ ಹೆಸರಿನಿಂದ ಬಾಲ ಕತ್ತರಿಸಿ 'ಕನ್ಸಲ್ಟೆಂಟ್ಸ್' ಅಂತ ಸೇರಿಸಿ ಪ್ರೊಪ್ರೈಟರ್‌ಶಿಪ್.

ಇದನ್ನು 'ಮಾಡೋಕೆ' ಏನೂ ಇಲ್ಲ. ಪ್ರೊಪ್ರೈಟರ್‌ಶಿಪ್ ನೋಂದಣಿ ಅಂತ ಒಂದು ಸರ್ಟಿಫಿಕೇಟೇ ಇಲ್ಲ. ಅದನ್ನು ಮಾಡಿಕೊಡ್ತೀವಿ ಅಂತ ದುಡ್ಡು ಕೇಳಿದವರು ಸಿಕ್ಕರೆ ನಮಸ್ಕಾರ ಹೇಳಿ. ಬ್ಯಾಂಕಿನವರು ಕರೆಂಟ್ ಅಕೌಂಟ್‌ಗೆ ವ್ಯವಹಾರದ ಹೆಸರಿರೋ ಎರಡು ದಾಖಲೆ ಕೇಳಿದರು, ನಾನು ಸಣ್ಣ ಉದ್ಯಮ ಅಂತ ಸರ್ಕಾರ ಕೊಡೋ ಉದ್ಯಮ್ ಸರ್ಟಿಫಿಕೇಟ್, ಜಿಎಸ್‌ಟಿ ಸರ್ಟಿಫಿಕೇಟ್ ಕೊಟ್ಟೆ. ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಆಧಾರ್ ಪ್ಯಾನ್ ಇದ್ದರೆ ಹತ್ತು ಹದಿನೈದು ನಿಮಿಷ. ಗೂಗಲ್‌ನಲ್ಲಿ ಹುಡುಕಿದರೆ ಅಶೋಕ ಸ್ತಂಭ ಹಾಕಿಕೊಂಡ ಖಾಸಗಿ ಸೈಟುಗಳು ಮೇಲೆ ಬರುತ್ತವೆ, ದುಡ್ಡು ಕೇಳುತ್ತವೆ. ಹುಷಾರು.

ಈಗ ತೆರಿಗೆ. ಯಾಕೆ ಮೊದಲೇ ಯಾರೂ ಹೇಳಲಿಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯೋದು ಇದಕ್ಕೆ.

ಆದಾಯ ತೆರಿಗೆಯಲ್ಲಿ 44ಎಡಿಎ ಅಂತ ಒಂದು ಸೆಕ್ಷನ್. ಎಂಜಿನಿಯರಿಂಗ್, ಆರ್ಕಿಟೆಕ್ಚರ್, ವೈದ್ಯಕೀಯ, ವಕೀಲಿ, ಅಕೌಂಟ್ಸ್, ಒಳಾಂಗಣ ವಿನ್ಯಾಸ, ತಾಂತ್ರಿಕ ಸಲಹೆ, ಐಟಿ ಇಂಥ ವೃತ್ತಿಯವರಿಗೆ. ವರ್ಷಕ್ಕೆ ಬಂದ ಒಟ್ಟು ಫೀಸು 50 ಲಕ್ಷದೊಳಗಿದ್ದರೆ, ನಗದು ಶೇ. 5 ದಾಟದಿದ್ದರೆ 75 ಲಕ್ಷದವರೆಗೂ, ಬಂದ ದುಡ್ಡಿನಲ್ಲಿ ಕನಿಷ್ಠ ಅರ್ಧ ಲಾಭ ಅಂತ ತೋರಿಸಿದರೆ ಮುಗೀತು. ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ. ಇದು ಸಿಗೋದು ಇಲ್ಲಿ ನೆಲೆಸಿದ ವ್ಯಕ್ತಿಗೆ, ಮಾಮೂಲಿ ಪಾಲುದಾರಿಕೆ ಸಂಸ್ಥೆಗೆ. ಕಂಪನಿಗೆ ಸಿಗಲ್ಲ, ಎಲ್‌ಎಲ್‌ಪಿಗೂ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರೋ ಪಾಲುದಾರಿಕೆಗೂ, ಸಿಗಲ್ಲ. ಅಂದರೆ ನಾನು 17 ಸಾವಿರ ಕೊಟ್ಟು ಕಂಪನಿ ಮಾಡಿಸಿ ಈ ಬಾಗಿಲನ್ನು ನಾನೇ ಹಾಕಿಕೊಂಡಿದ್ದೆ!

2025-26ರ ನನ್ನ ಲೆಕ್ಕ ಬಿಚ್ಚಿ ಹೇಳ್ತೀನಿ. ಬೆಂಗಳೂರಿನ ಹಳೇ ಆಫೀಸಿನಿಂದ 14 ಲಕ್ಷ, ದುಬೈನ ಒಬ್ಬರಿಂದ 6 ಲಕ್ಷ, ಇಲ್ಲಿನ ಬಿಲ್ಡರುಗಳಿಂದ 2 ಲಕ್ಷ. ಒಟ್ಟು 22. ಅರ್ಧ, 11 ಲಕ್ಷ ಆದಾಯ. ನನ್ನ ನಿಜವಾದ ಖರ್ಚೂ ಅರ್ಧದ ಹತ್ತಿರಕ್ಕೇ ಬರುತ್ತೆ, ಹುಡುಗರ ದುಡ್ಡು, ಲೈಸೆನ್ಸು ಸೇರಿ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ಹಾಗಾಗಿ ತೆರಿಗೆ ಸೊನ್ನೆ. ಬೆಂಗಳೂರಿನವರು 194ಜೆ ಅಡಿ ಶೇ. 10 ಟಿಡಿಎಸ್ ಹಿಡಿದಿದ್ದರು, 1.4 ಲಕ್ಷ. ಅದು ವಾಪಸ್ ಬರೋ ದುಡ್ಡು. ಆದರೆ ಬರೋವರೆಗೂ ಅದು ನಿಮ್ಮ ಕೈಯಲ್ಲಿ ಇರಲ್ಲ, ಮೊದಲ ವರ್ಷ ಇದಕ್ಕೆ ತಯಾರಿರಿ. ತೆರಿಗೆ ಬರೋ ಹಾಗಿದ್ದರೆ ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಿದರೆ ಆಯಿತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ, ನಾನು ಹೇಳ್ತಿರೋದು ಹಳೇ ನಂಬರು. ಬಾಯಿಗೆ ಅದೇ ಬರುತ್ತೆ.

ಜಿಎಸ್‌ಟಿ ಬಗ್ಗೆ ಒಂದು ತಪ್ಪು ಕಲ್ಪನೆ ಎಲ್ಲರಲ್ಲೂ ಇದೆ. ಸೇವೆ ಕೊಡೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಹೊರದೇಶದ ಬಿಲ್ಲಿಗೆ ಜಿಎಸ್‌ಟಿ ಬೀಳಲ್ಲವಲ್ಲ, ಅದನ್ನು ಈ 20ರಲ್ಲಿ ಸೇರಿಸಬೇಕಿಲ್ಲ ಅಂತ ಒಬ್ಬರು ನನಗೆ ಗಟ್ಟಿಯಾಗಿ ಹೇಳಿದ್ದರು. ಸೇರಿಸಲೇಬೇಕು. ನನ್ನ 6 ಲಕ್ಷ ದುಬೈ ದುಡ್ಡು ಬಿಟ್ಟರೆ 16, ಸೇರಿಸಿದರೆ 22. ಎಲ್‌ಯುಟಿ ಅಂತ ವರ್ಷಕ್ಕೊಂದು ಫಾರ್ಮ್ ಹಾಕಿದರೆ ಹೊರದೇಶದ ಬಿಲ್ಲಿಗೆ ತೆರಿಗೆ ಹಾಕದೇ ಕಳಿಸಬಹುದು, ಅದೂ ಉಚಿತ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ವಾ, ಬ್ಯಾಂಕಿಗೆ ಬಂದದ್ದು ಯಾರಿಗೂ ಕಾಣಲ್ಲ ಅನ್ನೋ ಕಾಲ ಹೋಯಿತು.

ಊರಿನ ಬಿಲ್ಡರುಗಳ ಹತ್ತಿರ ಮಾತ್ರ ಜಿಎಸ್‌ಟಿ ಜಗಳ ನಿತ್ಯ. ಮನೆ ಕಟ್ಟಿ ಮಾರೋರಿಗೆ 2019ರಿಂದ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ತಾವು ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯೋ ಹಾಗಿಲ್ಲ, ನನ್ನ ಶೇ. 18 ಅವರಿಗೆ ಪೂರ್ತಿ ಕೈಯಿಂದ ಹೋಗೋ ಖರ್ಚು. 'ಬಿಲ್ ಬ್ಯಾಡ ಬಿಡ್ರಿ ಮೇಡಂ' ಅಂತಾರೆ. ನಾನು ರೇಟು ಬೇಕಾದರೆ ಇಳಿಸ್ತೀನಿ, ಬಿಲ್ಲು ಬಿಡಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪ ಅಕ್ಷರದಲ್ಲಿ ಹಾಕ್ತೀನಿ, ಅದಕ್ಕೊಂದು ಕಾರಣ ಇದೆ. ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. 2023-24ರಿಂದ ಆದಾಯ ತೆರಿಗೆಯಲ್ಲಿ ಇನ್ನೊಂದು ಸೇರಿಸಿದರು, ಗಡುವು ಮೀರಿದ ಬಾಕಿಯನ್ನು ಕೊಡೋವರೆಗೂ ಬಾಕಿ ಉಳಿಸಿಕೊಂಡವರು ಅದನ್ನು ಖರ್ಚು ಅಂತ ತೋರಿಸೋ ಹಾಗಿಲ್ಲ. ಇಲ್ಲೊಬ್ಬರು ಐದು ತಿಂಗಳಿಂದ 'ನಾಳೆ ಹಾಕ್ತೀನಿ' ಅಂತಿದ್ದವರು ಮಾರ್ಚ್ 28ಕ್ಕೆ ತಾವೇ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿದರು. ಅವರ ಆಡಿಟರ್ ಪುಣ್ಯಾತ್ಮ.

ವೃತ್ತಿ ತೆರಿಗೆ ಒಂದು ಮರೀಬೇಡಿ, ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ.

ಎಲ್‌ಎಲ್‌ಪಿ ಬಗ್ಗೆ ಜೂನಿಯರ್ ಕೇಳಿದಳು. ಇಬ್ಬರು ಸೇರಿ ಮಾಡೋದಾದರೆ ಯೋಚಿಸು ಅಂದೆ. ವಹಿವಾಟು 40 ಲಕ್ಷ ದಾಟೋವರೆಗೆ, ಬಂಡವಾಳ 25 ಲಕ್ಷ ದಾಟೋವರೆಗೆ ಎಲ್‌ಎಲ್‌ಪಿ ಕಾಯ್ದೆ ಪ್ರಕಾರ ಆಡಿಟ್ ಬೇಡ, ಆದರೆ ಮೇ 30ಕ್ಕೊಂದು ಅಕ್ಟೋಬರ್ 30ಕ್ಕೊಂದು ಫಾರ್ಮ್ ತಪ್ಪಲ್ಲ, ಲಾಭಕ್ಕೆ ನೇರ ಶೇ. 30 ತೆರಿಗೆ. ಒಬ್ಬಳೇ ಇದ್ದುಕೊಂಡು ಲೆಕ್ಕಕ್ಕೆ ಇನ್ನೊಬ್ಬರನ್ನು ಸೇರಿಸೋದಾದರೆ ಬೇಡವೇ ಬೇಡ. ಅತ್ತೆ ಇದ್ದಾರಲ್ಲ ಅನ್ನಬೇಡ.

ಕಂಪನಿ ಮಾಡೋರೆಲ್ಲಾ ದಡ್ಡರು ಅಂತ ನಾನು ಹೇಳ್ತಿಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬ ಚಿತ್ರದುರ್ಗದಲ್ಲಿದ್ದಾನೆ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ಕಾಣುತ್ತವಲ್ಲ, ಅಂಥವುಗಳ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಅವನದು. ಹದಿನಾಲ್ಕು ಹುಡುಗರು ಹಗ್ಗ ಬಿಗಿದುಕೊಂಡು ಟವರ್ ಹತ್ತುತ್ತಾರೆ, ಎರಡು ಜೀಪು, ಬಿಡಿಭಾಗ ಎಲ್ಲಾ ಉದ್ರಿ, ಪೇಮೆಂಟ್ ಮೂರು ತಿಂಗಳಿಗೆ. ಅವನಿಗೆ ನಮ್ಮಪ್ಪನಿಗಿದ್ದ ಥರ ಸಾಲ ಕೊಟ್ಟವರು ಇದ್ದಾರೆ. ಅವನು ಪ್ರೈವೇಟ್ ಲಿಮಿಟೆಡ್ ಮಾಡಿದ್ದಾನೆ, ಸರಿಯಾಗೇ ಮಾಡಿದ್ದಾನೆ. ಕೆಲಸ ಕೊಡೋ ದೊಡ್ಡ ಸಂಸ್ಥೆಗಳು ಕಂಪನಿ ಅಲ್ಲದಿದ್ದರೆ ಟೆಂಡರೇ ಕೊಡಲ್ಲವಂತೆ. ಮೊದಲು ಪ್ರೊಪ್ರೈಟರ್ ಆಗಿದ್ದಾಗ ಅವನಿಗೆ ಕಾಂಟ್ರ್ಯಾಕ್ಟ್ ಟಿಡಿಎಸ್ ಶೇ. 1 ಹಿಡೀತಿದ್ದರು, ಕಂಪನಿ ಆದ ಮೇಲೆ ಶೇ. 2, ಅದೊಂದು ಗೊಣಗಾಟ ಬಿಟ್ಟರೆ ಆರಾಮಾಗಿದ್ದಾನೆ. ಅವನ ಕಂಪನಿ ನೋಡಿ ನಾನು ಕಂಪನಿ ಮಾಡಿದ್ದು, ಟವರ್ ಹತ್ತೋನ ಹೆಲ್ಮೆಟ್ ಹಾಕಿಕೊಂಡು ಟೇಬಲ್ ಮುಂದೆ ಕೂತ ಹಾಗಿತ್ತು.

ಹಾಗಾಗಿ ಜೂನಿಯರ್‌ಗೆ ಹೇಳಿದೆ, ಮೊದಲು ಅವರ ಪರ್ಚೇಸ್ ಡಿಪಾರ್ಟ್‌ಮೆಂಟಿಗೇ ಮೇಲ್ ಹಾಕಿ ಕೇಳು, ಪ್ರೊಪ್ರೈಟರ್ ಆದರೆ ನಡೆಯುತ್ತಾ ಅಂತ. ನಡೆಯುತ್ತೆ ಅಂದರೆ ಅದೇ ಹಾಕು. ಆಮೇಲೆ ದೊಡ್ಡದಾದರೆ ಕಂಪನಿ ಮಾಡಬಹುದು, ಪ್ರೊಪ್ರೈಟರ್‌ಶಿಪ್‌ನಿಂದ ಮೇಲೆ ಹತ್ತೋದು ಸುಲಭ. ಇಳಿಯೋದು ಮಾತ್ರ ಕಷ್ಟ, ನನ್ನನ್ನು ನೋಡು. ಮತ್ತೆ ರೇಟು ಹೇಳೋವಾಗ ಸಂಬಳವನ್ನು ದಿನಕ್ಕೆ ಭಾಗಿಸಿ ಹೇಳಬೇಡ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ವಿಮೆ ಇಲ್ಲ, ಜ್ವರ ಬಂದರೆ ದುಡ್ಡಿಲ್ಲ. ನಾನು ಮೊದಲ ವರ್ಷ ಹಾಗೇ ಹೇಳಿ ಹಲ್ಲು ಕಚ್ಚಿದ್ದೆ.

ಇನ್ನು ಆ ಕಂಪನಿ. ಅದು ಇನ್ನೂ ಇದೆ. ವ್ಯವಹಾರ ನಡೆಸಿದ ಕಂಪನಿಯನ್ನು ಹೆಸರು ತೆಗೆಸಿ ಮುಚ್ಚಬೇಕಾದರೆ ಹಿಂದಿನ ಎರಡು ಆರ್ಥಿಕ ವರ್ಷ ಅದರಲ್ಲಿ ವ್ಯವಹಾರ ಆಗಿರಬಾರದು. ಆಮೇಲೆ ಎಸ್‌ಟಿಕೆ-2 ಅಂತ ಫಾರ್ಮು, ಅದಕ್ಕೆ ಫೀಸು 10,000. ಅಲ್ಲಿವರೆಗೆ ಮಲಗಿರೋ ಕಂಪನಿಗೂ ಆಡಿಟ್ ಆಗಬೇಕು, ಫಾರ್ಮ್ ಹೋಗಬೇಕು, ಈ ಸಲ ನಾನೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದೇನೆ. 2025-26 ಮುಗೀತು, 2026-27 ಮುಗೀಬೇಕು.

ಮೊನ್ನೆ ಅತ್ತೆಯ ಮೊಬೈಲಿಗೆ ಒಟಿಪಿ ಬಂತು. ಅಡುಗೆಮನೆಯಿಂದ ಕೂಗಿದರು, 'ಏನವ್ವಾ, ನಾನಿನ್ನೂ ಡೈರೆಕ್ಟರಾ?'

ಹೌದು ಅತ್ತೆ, ಮುಂದಿನ ವರ್ಷದವರೆಗೆ.

'ಹಂಗಾದ್ರೆ ಒಂದಿನ ಮೀಟಿಂಗ್ ಕರಿ, ಬೆಣ್ಣೆ ದೋಸೆ ತಿಂದು ಬಾಳ ದಿನ ಆತು' ಅಂದರು. ಭಾನುವಾರ ಹೋಗಿ ಬಂದೆವು. ಬಿಲ್ಲು ನನ್ನ ಸ್ವಂತ ಅಕೌಂಟಿಂದ ಕೊಟ್ಟೆ, ಆಡಿಟರ್ ಕೇಳಬಾರದು ನೋಡಿ.